ಮೂರು–ಸೊನ್ನೆ

“ಎಣ್ಣೆ ಬದಲಾಯಿಸಿದ್ಯಾ ತಾತ? ವಾಸನೇನೇ ಇಲ್ವಲ್ಲ ಇದಕ್ಕೆ.”

ಬೆಂಚಿನ ಮೇಲೆ ಬೋರಲು ಮಲಗಿದ್ದ ಗೋಲ್‌ಕೀಪರ್ ಸುಮ್ಮನೆ ಮಾತಿಗೆ ಕೇಳಿದ್ದ. ಅವನ ಎಡಗಾಲಿನ ಮೀನಖಂಡ ಉಜ್ಜುತ್ತಿದ್ದ ಕಾಲೇಜು ತಂಡದ ಮಾಲೀಶುಗಾರ ಎಣ್ಣೆ ತಾತನ ಹೆಬ್ಬೆರಳುಗಳು ಇದ್ದಲ್ಲೇ ನಿಂತವು. ಎದುರು ಬೆಂಚಿನಲ್ಲಿ ಬೂಟಿನ ದಾರ ಬಿಗಿಯುತ್ತಿದ್ದ ನಾಯಕ ತಲೆಯೆತ್ತಿದ. ಕೋಣೆಯಲ್ಲಿದ್ದದ್ದು ಆ ಮೂವರೇ. ಉಳಿದವರು ಮೈ ಬಿಸಿ ಮಾಡಿಕೊಳ್ಳಲು ಮೈದಾನಕ್ಕೆ ಇಳಿದಿದ್ದರು. ಮುಚ್ಚಳ ತೆಗೆದರೆ ಸಾಕು, ಬಾಗಿಲಾಚೆ ನಿಂತವರ ಕಣ್ಣಲ್ಲೂ ನೀರು ತರಿಸುವ ಎಣ್ಣೆ ಅದು. ಮಾಸ್ಕಿನೊಳಗಿದ್ದರೂ ನಾಯಕನ ಮೂಗು ಚುರುಗುಟ್ಟುತ್ತಿತ್ತು.

“ನೀರು ಬೆರೆಸಿದೀನಿ ಕಣೋ ಮರಿ,” ಎಂದ ತಾತ, ಮತ್ತೆ ಉಜ್ಜತೊಡಗುತ್ತ. “ಫೈನಲ್‌ವರೆಗೂ ಬರ್ಲಿ ಅಂತ.”

“ಎಣ್ಣೆಗೆ ನೀರು ಬೆರೆಯಲ್ಲ ತಾತ.” ನಾಯಕ ಓದುತ್ತಿದ್ದದ್ದು ರಸಾಯನಶಾಸ್ತ್ರ.

“ನಿನ್ನ ಲ್ಯಾಬಲ್ಲಿ ಬೆರೆಯಲ್ಲ. ನನ್ನ ಬಾಟಲೀಲಿ ಬೆರೆಯುತ್ತೆ. ನೀನು ದಾರ ಕಟ್ಟು.”

ಕಳೆದ ವರ್ಷ ಮೂರನೇ ಪಂದ್ಯದ ಹಿಂದಿನ ದಿನ ಸಾಂಕ್ರಾಮಿಕಕ್ಕೆ ಹೆದರಿ ಊರೇ ಬಾಗಿಲು ಹಾಕಿಕೊಂಡಿತ್ತು. ಹದಿನಾಲ್ಕು ತಿಂಗಳ ಮೇಲೆ ಶುರುವಾದ ಈ ಸೀಸನ್ನಿನಲ್ಲೂ ಎಂಟರಲ್ಲಿ ನಡೆದದ್ದು ನಾಲ್ಕೇ ಪಂದ್ಯ. ಇನ್ನು ನಲವತ್ತು ನಿಮಿಷಕ್ಕೆ ಸೆಮಿಫೈನಲ್. ಒಬ್ಬನಲ್ಲಿ ರೋಗದ ಲಕ್ಷಣ ಕಂಡರೂ ಇಡೀ ತಂಡ ಹೊರಕ್ಕೆ ಎಂಬುದು ಈ ಬಾರಿಯ ನಿಯಮ. ತಿಂಗಳೊಳಗೆ ಕಾಲೇಜು ಮುಗಿಸಲಿದ್ದ ನಾಯಕನಿಗೂ ಗೋಲ್‌ಕೀಪರ್‌ಗೂ ಮುಂದಿನ ಸೀಸನ್ ಎಂಬುದಿರಲಿಲ್ಲ.

ಗೋಲ್‌ಕೀಪರ್ ಎದ್ದು ಕುಳಿತ. ಬಾಟಲಿಯನ್ನು ಮೂಗಿಗೆ ಹಿಡಿದು ಎಳೆದ. ಇನ್ನೊಮ್ಮೆ, ಎದೆ ತುಂಬುವಷ್ಟು ಎಳೆದ. ಆಮೇಲೆ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ.

“ಮೂಗು ಕಟ್ಟಿದೆ ಮಗಾ, ಅಷ್ಟೆ. ಬೆಳಿಗ್ಗೆ ತಣ್ಣೀರು ಸುರ್ಕೊಂಡೆ.”

“ಕಟ್ಟಿದ ಮೂಗಲ್ಲಿ ಅಷ್ಟುದ್ದ ಉಸಿರು ಎಳೆಯೋಕಾಗುತ್ತೇನೋ?”

“ಎರಡೇ ಗಂಟೆ ಮಗಾ. ಆಟ ಮುಗೀತಿದ್ದ ಹಾಗೆ ನಾನೇ ಹೋಗಿ ಹೇಳ್ತೀನಿ. ನಾನಿರೋದು ಗೋಲಲ್ಲಿ, ಯಾರ ಹತ್ರಾನೂ ಬರಲ್ಲ.”

ನಾಯಕ ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ. ಅವನ ಕಣ್ಣು ತಾತನ ಕೈಗಳ ಮೇಲಿತ್ತು. ಮೊದಲು ಗೋಲ್‌ಕೀಪರ್, ಆಮೇಲೆ ಉಳಿದ ಹತ್ತು ಮಂದಿ ಒಬ್ಬೊಬ್ಬರಾಗಿ ಅದೇ ಬೆಂಚಿಗೆ, ಅದೇ ಕೈಗಳಿಗೆ. ಮೂವತ್ತು ವರ್ಷಗಳಿಂದ ತಾತನ ಕ್ರಮ ಹೀಗೆಯೇ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ ತಾತ ಈಗಲೂ ಈ ಕೋಣೆಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಿದ್ದ. ಉಜ್ಜುವಾಗ ಏದುಸಿರು ಬರುತ್ತದೆಂದು ಮಾಸ್ಕನ್ನು ಗದ್ದದ ಕೆಳಗೆ ಸರಿಸಿಕೊಂಡಿದ್ದ.

“ನನ್ನ ಯಾಕೋ ಹಾಗೆ ನೋಡ್ತೀಯಾ? ಹೋದ ವರ್ಷದ ಹುಡುಗರು ಬಂದು, ಬೂಟು ಎತ್ಕೊಂಡು, ತಲೆ ತಗ್ಗಿಸ್ಕೊಂಡು ಹೋದ್ರು. ನಿಮ್ಮನ್ನೂ ಹಾಗೇ ಕಳಿಸ್ಲಾ? ನನ್ನ ಆಟ ಮುಗೀತು ಬಿಡು, ಎಪ್ಪತ್ತು ದಾಟ್ತು.”

“ಮಾಸ್ಕು ಮೇಲಕ್ಕೆ ಎಳ್ಕೋ ತಾತ,” ಎಂದು ನಾಯಕ ಎದ್ದ.

ಬಾಗಿಲಾಚೆಯ ಮೇಜಿನಲ್ಲಿ ಡಾಕ್ಟರಮ್ಮ ತಂಡದ ಆರೋಗ್ಯದ ಹಾಳೆಯನ್ನು ಹರಡಿಕೊಂಡು ಅವನ ಸಹಿಗಾಗಿಯೇ ಕಾಯುತ್ತಿದ್ದರು. ಜ್ವರ, ಕೆಮ್ಮು, ಉಸಿರು, ವಾಸನೆ. ಬೆಳಿಗ್ಗೆ ಎಲ್ಲರೂ ಎಲ್ಲದಕ್ಕೂ ಸರಿ ಎಂದು ಗುರುತು ಹಾಕಿದ್ದರು. ನಾಯಕ ಗೋಲ್‌ಕೀಪರ್‌ನ ಸಾಲಿನ ಕೊನೆಯ ಗುರುತನ್ನು ಹೊಡೆದುಹಾಕಿದ; ಪಕ್ಕದಲ್ಲಿ ಆಗಿನ ವೇಳೆಯನ್ನು ನಿಮಿಷ ಸಮೇತ ಬರೆದು ಸಹಿ ಮಾಡಿದ. ಡಾಕ್ಟರಮ್ಮ ಹಾಳೆ ನೋಡಿದರು, ಅವನ ಮುಖ ನೋಡಿದರು, ಆಮೇಲೆ ಫೋನು ಎತ್ತಿಕೊಂಡರು.

ಮೊದಲು ತಾತನನ್ನು ಪರೀಕ್ಷೆಗೆಂದು ಬೇರೆ ವಾಹನದಲ್ಲಿ ಕೂರಿಸಿ ಕಳಿಸಿದರು. ಅವನು ನಾಯಕನ ಕಡೆ ತಿರುಗಲಿಲ್ಲ. ಸುದ್ದಿ ತಿಳಿದು ಮೈದಾನದಿಂದ ಓಡಿಬಂದ ಮುಂಪಡೆಯ ಆಟಗಾರ ನಾಲ್ಕಡಿ ದೂರದಲ್ಲಿ ನಿಂತು, “ಬಾಯಿ ಮುಚ್ಕೊಂಡಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?” ಎಂದ. ಹೋದದ್ದು ತನ್ನ ಗಂಟೂ ಹೌದು ಎಂದು ನಾಯಕ ಹೇಳಬಹುದಿತ್ತೇನೋ.

ನಿಯಮದಂತೆ ಎದುರಾಳಿಗಳು ತಮ್ಮ ತಮ್ಮ ಜಾಗಗಳಲ್ಲಿ ನಿಂತರು. ಹನ್ನೊಂದು ಮಂದಿ, ಅವರೆದುರು ಸುಣ್ಣದ ಗೆರೆಗಳಷ್ಟೇ ಇದ್ದ ಅರ್ಧ ಮೈದಾನ. ರೆಫರಿ ಗಡಿಯಾರ ನೋಡುತ್ತ ಹದಿನೈದು ನಿಮಿಷ ಕಾದು ಸೀಟಿ ಊದಿದ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲವಾಗಿ ಆ ಸದ್ದು ಖಾಲಿ ಗ್ಯಾಲರಿಗೆ ಬಡಿದು ಹಿಂದಕ್ಕೆ ಬಂತು. ಗೆದ್ದವರು ಕೈ ಎತ್ತಲಿಲ್ಲ. ಚೆಂಡನ್ನು ಯಾರು ಎತ್ತಿಕೊಳ್ಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು.

ರೆಫರಿ ಫಲಿತಾಂಶದ ಹಾಳೆಯನ್ನು ಕಟ್ಟೆಯ ಮೇಲಿಟ್ಟು ದೂರ ಸರಿದ. ನಾಯಕ ತನ್ನದೇ ಪೆನ್ನಿನಿಂದ ಸಹಿ ಹಾಕಿದ. ಗೋಲು ಹೊಡೆದವರ ಹೆಸರಿನ ಜಾಗದಲ್ಲಿ ಮೂರು ಅಡ್ಡಗೆರೆಗಳಿದ್ದವು.

ಗ್ಯಾಲರಿಯ ತುತ್ತತುದಿಯಲ್ಲಿ ಒಬ್ಬನೇ ಕೂತು ವಾಹನಕ್ಕೆ ಕಾಯುತ್ತಿದ್ದ ಗೋಲ್‌ಕೀಪರ್ ಅಲ್ಲಿಂದಲೇ ಕೇಳಿದ: “ಎಷ್ಟು ಬರ್ದ್ರು?”

“ಮೂರು–ಸೊನ್ನೆ. ಮೈದಾನಕ್ಕೆ ಇಳಿಯದ ಟೀಮಿನ ಮೇಲೆ ಅಷ್ಟು ಗೋಲು ಬರೀತಾರಂತೆ.”

ಗೋಲ್‌ಕೀಪರ್ ಖಾಲಿ ಗೋಲಿನ ಕಡೆಗೆ ನೋಡಿದ.

“ಮೂರನ್ನೂ ನಾನೇ ಬಿಟ್ಟೆ, ಅಲ್ವಾ ಮಗಾ?”