ಆನೆಯ ಮೈಮೇಲಿನ ಸೊಳ್ಳೆ

"ಕೇಳಿಸ್ತಾ?" ಎಂದರು ಹಲ್ಲಿನ ಡಾಕ್ಟರು, ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಏನು?" ಎಂದ ಗ್ಯಾರೇಜಿನ ಕಿವಿ ಮೇಸ್ತ್ರಿ.

"ಅದೇ ರೀ, ಸೀಟಿ. ಸಣ್ಣಗೆ, ಸ್ಸೀ ಅಂತ."

ಮೇಸ್ತ್ರಿ ಕಣ್ಣು ಮುಚ್ಚಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ. ಒಂಬತ್ತು ದಿನಗಳಲ್ಲಿ ಇದು ಮೂರನೆಯ ಸಲ. ಡಾಕ್ಟರ ಸ್ಪೋರ್ಟ್ಸ್ ಸೆಡಾನಿನಿಂದ ಕಂಪನಿಯ ಸೈಲೆನ್ಸರ್ ಬಿಚ್ಚಿ, ಹೊರಗಿನಿಂದ ತರಿಸಿದ ದಪ್ಪ ಸ್ಟೀಲ್ ಕೊಳವೆಗಳ ಹೊಸ ಎಕ್ಸಾಸ್ಟನ್ನು ಕೂರಿಸಿದವನು ಅವನೇ. ಎರಡು ಸಲ ಕಾರನ್ನು ಲಿಫ್ಟಿಗೇರಿಸಿ, ನೇತುಹಾಕುವ ರಬ್ಬರುಗಳಿಂದ ಹಿಡಿದು ಕೊಳವೆಯ ಬಾಲದ ತುದಿಯವರೆಗೆ ಒಂದೊಂದನ್ನೇ ಅಲುಗಾಡಿಸಿ ನೋಡಿದ್ದ. ನಿನ್ನೆ ಸಂಜೆ ಡಾಕ್ಟರು, "ಎಂಜಿನ್ ತಣ್ಣಗಿದ್ದಾಗಲೇ ಚೆನ್ನಾಗಿ ಕೇಳೋದು" ಎಂದು ಹಟ ಹಿಡಿದು ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದರು. ಈಗ ಬೆಳಗ್ಗೆ ಬಂದು, ತಾವೇ ಚಾಲೂ ಮಾಡಿ ಕೂತಿದ್ದಾರೆ. ಮೇಸ್ತ್ರಿಗೆ ಕೇಳಿಸಿದ್ದು ತಾನು ಕೂರಿಸಿದ ಗುಡುಗು ಮಾತ್ರ. ತುಂಬಿದ, ಗುಂಡನೆಯ, ಎಲ್ಲೂ ಬಿರುಕಿಲ್ಲದ ಗುಡುಗು.

"ಡಾಕ್ಟ್ರೇ," ಎಂದ, ಸಹನೆಯನ್ನು ಹಲ್ಲಿನ ನಡುವೆ ಹಿಡಿದು. "ಆನೆ ಬೇಕು ಅಂದ್ರಿ. ಆನೆ ತಂದು ಕಟ್ಟಿದೀನಿ. ಈಗ ಅದರ ಮೈಮೇಲೆ ಕೂತ ಸೊಳ್ಳೇನೂ ನಾನೇ ಹಿಡೀಬೇಕಾ?"

"ಹಾಗಾದ್ರೆ ಸೊಳ್ಳೆ ಇದೆ ಅಂತ ಒಪ್ಕೊಂಡ್ರಲ್ಲ!"

"ಇದ್ರೆ ತಾನೇ ಒಪ್ಪೋದು? ಬೆಳಗಿಂದ ಸಂಜೆ ತನಕ ಜನರ ಬಾಯಲ್ಲಿ ಡ್ರಿಲ್ ತಿರುಗಿಸ್ತೀರಿ. ಅದೇ ನಿಮ್ಮ ಕಿವೀಲಿ ಮನೆ ಮಾಡಿದೆ."

"ನನ್ನ ಹೆಂಡ್ತಿಗೂ ಕೇಳತ್ತೆ ಕಣ್ರೀ. ಅವಳು ಡ್ರಿಲ್ ಹಿಡಿಯಲ್ಲ, ಗಣಿತ ಪಾಠ ಮಾಡ್ತಾಳೆ." ಡಾಕ್ಟರು ಎಂಜಿನ್ ಆರಿಸಿ ಇಳಿದರು. ಅವರ ಮುಖವೂ ಕೆಂಪಾಗಿತ್ತು. "ನಿಮ್ಮಿಂದ ಆಗದಿದ್ರೆ ಹೇಳಿಬಿಡಿ ಮೇಸ್ತ್ರಿ. ಬೇರೆ ಕಡೆ ತೋರಿಸ್ತೀನಿ."

ಮೇಸ್ತ್ರಿಗೆ ಚುರುಕ್ಕೆಂದಿತು. ಬೇರೆ ಕಡೆಯವರು ಕೈಚೆಲ್ಲಿದ ಗಾಡಿಗಳು ಅವನ ಶೆಡ್ಡಿಗೆ ಬರುತ್ತಿದ್ದವೇ ಹೊರತು ಇಲ್ಲಿಂದ ಆಚೆ ಹೋದದ್ದಿಲ್ಲ. ಬಾನೆಟ್ ಎತ್ತುವ ಮೊದಲೇ "ಮೂರನೇ ಸಿಲಿಂಡರು" ಎಂದೋ "ನೀರಿನ ಪಂಪು" ಎಂದೋ ಹೇಳಿ ಗಳಿಸಿದ ಹೆಸರು ಅವನದು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನ ದಾರಿ ಕೇಳುತ್ತಿದ್ದುದು ಕಿವಿ ಮೇಸ್ತ್ರಿಯ ಗ್ಯಾರೇಜು ಎಲ್ಲಿ ಎಂದು. ಇಪ್ಪತ್ತಾರು ವರ್ಷ ಆ ಹೆಸರೇ ಮನೆಯ ಒಲೆ ಉರಿಸಿದೆ. ಈ ಮನುಷ್ಯ ಪಕ್ಕದ ಬೀದಿಗೆ ಹೋಗಿ, "ಅವರಿಗೆ ಕೇಳಿಸಲೇ ಇಲ್ಲ" ಎಂದು ಒಂದು ಮಾತು ಆಡಿದರೆ ಸಾಕು.

"ಇಲ್ಲದ ರೋಗಕ್ಕೆ ಯಾವ ಗ್ಯಾರೇಜಲ್ಲೂ ಮದ್ದಿಲ್ಲ" ಎಂದು ಅವನು ಸ್ಪ್ಯಾನರನ್ನು ತಟ್ಟೆಗೆ ಎಸೆದ.

"ಬಲಗಡೆ," ಎಂಬ ದನಿ ಬಂತು. "ಕೊಳವೆ ಮಧ್ಯದ ಡಬ್ಬಿ ಆದ್ಮೇಲೆ ಬರೋ ಜಾಯಿಂಟು."

ಬಿಡಿಭಾಗಗಳ ಕೌಂಟರಿನ ಹಿಂದೆ ಅವನ ಹೆಂಡತಿ ಬೋಲ್ಟುಗಳನ್ನು ಅಳತೆಯ ಪ್ರಕಾರ ಡಬ್ಬಗಳಿಗೆ ಹಾಕುತ್ತಿದ್ದಳು. ತಲೆ ಎತ್ತಿರಲಿಲ್ಲ.

"ಏನಂದೆ?"

ಈಗ ಅವಳು ತಲೆ ಎತ್ತಿ, ಅವನ ಮುಖ ನೋಡಿಕೊಂಡು, ಸ್ವಲ್ಪ ಜೋರಾಗಿ ಅಂದಳು: "ಬಲಗಡೆ ಜಾಯಿಂಟು, ರೀ. ಅಲ್ಲಿಂದಾನೇ ಬರ್ತಿರೋದು ಸೀಟಿ."

ಡಾಕ್ಟರು ಗೆದ್ದವರಂತೆ ಎರಡೂ ಕೈ ಎತ್ತಿದರು. ಮೇಸ್ತ್ರಿ ಕಾರನ್ನು ಲಿಫ್ಟಿಗೇರಿಸಿದ. ಬಟ್ಟಲಿನಲ್ಲಿ ಸೋಪಿನ ನೀರು ಕದಡಿ ಬ್ರಷ್ಷಿನಿಂದ ಜಾಯಿಂಟಿನ ಸುತ್ತ ಬಳಿದ. ಇಬ್ಬರ ಬಾಯಿಯನ್ನೂ ಒಟ್ಟಿಗೆ ಮುಚ್ಚಿಸಲು ಇದಕ್ಕಿಂತ ನೇರವಾದ ಪುರಾವೆ ಇಲ್ಲ: ಗಾಳಿ ಸೋರಿದರೆ ಗುಳ್ಳೆ ಏಳಬೇಕು, ಏಳದಿದ್ದರೆ ಸೋರಿಕೆ ಇಲ್ಲ. "ಏಣಿ ಹತ್ತಿ ಚಾಲೂ ಮಾಡೇ" ಎಂದ ಹೆಂಡತಿಗೆ.

ಗುಡುಗು ಎದ್ದಿತು. ಮೇಲಿನ ಬೋಲ್ಟಿನ ಪಕ್ಕದಲ್ಲಿ, ಕೂದಲೆಳೆಯಷ್ಟು ಸಂದಿಯಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಬೆನ್ನಿಗೊಂದು ಉಬ್ಬಿ ಒಡೆಯತೊಡಗಿದವು. ಮೇಸ್ತ್ರಿ ಕಿವಿಯನ್ನು ಗೇಣಿನಷ್ಟು ಹತ್ತಿರ ಒಯ್ದ. ಅಲ್ಲಿಂದ ಬೆರಳಷ್ಟು ಹತ್ತಿರ. ಕೆನ್ನೆಗೆ ಗಾಳಿಯ ಸಣ್ಣ ಚಿಮ್ಮು ತಾಗಿತು. ಕಿವಿಗೆ ಏನೂ ತಾಗಲಿಲ್ಲ.

ಬೋಲ್ಟನ್ನು ಮುಕ್ಕಾಲು ಸುತ್ತು ಬಿಗಿದ. ಗುಳ್ಳೆಗಳು ಸತ್ತವು. "ಹೋಯ್ತು! ನಿಂತೇ ಹೋಯ್ತು!" ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು. ಬೈದದ್ದೆಲ್ಲ ಮರೆತು, ಅವನ ಎಣ್ಣೆಗೈಯನ್ನೇ ಹಿಡಿದು ಕುಲುಕಿ, ಕಾರನ್ನು ಇಳಿಸಿಕೊಂಡು, ಬೀದಿಯ ಕಿಟಕಿಗಳೆಲ್ಲ ನಡುಗುವಂತೆ ಹೊರಟು ಹೋದರು.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಹೆಂಡತಿ ಮತ್ತೆ ಬೋಲ್ಟುಗಳ ಮುಂದೆ ಕೂತಳು.

"ನಿಂಗೆ ಯಾವತ್ತಿಂದ ಗೊತ್ತಿತ್ತು?" ಎಂದು ಅವನು ಬಟ್ಟೆಯಿಂದ ಕೈ ಒರೆಸುತ್ತ ಗದರಿದ.

"ಮೊದಲನೇ ದಿನದಿಂದ."

"ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳೋಕೆ ಏನಾಗಿತ್ತು?"

"ಹೇಳಿದ್ನಲ್ಲ, ರೀ. ಎರಡು ಸಲ. ನಿಮ್ಮ ಬೆನ್ನ ಹಿಂದೇನೇ ನಿಂತು ಹೇಳಿದ್ದೆ."

ಅವನ ಕೈ ಬಟ್ಟೆಯೊಳಗೇ ನಿಂತಿತು. ಹೊರಗೆ ಯಾರೋ ಗಾಡಿ ತಂದು ನಿಲ್ಲಿಸಿ, ಎಂಜಿನ್ ಆರಿಸದೆ, ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಅವನು ಆ ಕಡೆ ನೋಡಲಿಲ್ಲ. ಕೌಂಟರಿನ ಎದುರಿಗೆ, ಅವಳ ತುಟಿ ಕಾಣುವಷ್ಟು ಹತ್ತಿರಕ್ಕೆ ಬಂದು, ತಗ್ಗಿದ ದನಿಯಲ್ಲಿ ಕೇಳಿದ:

"ಇಷ್ಟು ದಿನ ಇನ್ನೂ ಏನೇನು ಹೇಳಿದ್ದೆ?"