ತುಟಿ ತೋರಿಸಿದ ಕಡೆ

ತನ್ನನ್ನು ಕಟ್ಟಿದ ಶಿಲುಬೆಯನ್ನು ಎತ್ತಿ ನಿಲ್ಲಿಸಿದ ಮೇಲೆ ದೆಲ್ಫಿನ್ ಮೊದಲು ಹುಡುಕಿದ್ದು ಅಮ್ಮನನ್ನು. ಮುಂದಿನ ಸಾಲಿನ ನೀಲಿ ಕುರ್ಚಿ ಖಾಲಿಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ನೆರೆಮನೆಯ ಚೋಲೆಂಗ್, ಕ್ರಿಸ್ತನ ಪಾಡು ನೋಡಲಾರದೆ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಆ ಎರಡು ಕೈಗಳಲ್ಲಿ ಒಂದು ಅಮ್ಮನ ಕೈಯನ್ನು ಹಿಡಿದಿರಬೇಕಿತ್ತು.

ಎತ್ತರದಲ್ಲಿದ್ದುದರಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಇಗರ್ಜಿಯ ಅಂಗಳದ ತುಂಬ ಜನ, ಅವರ ಬೆನ್ನ ಹಿಂದೆ ಅಂಟಕ್ಕಿಯ ಕಡುಬು ಮಾರುವವಳ ಕೊಡೆ, ಅದರಾಚೆ ಹಿನ್ನೀರಿನ ಏರಿ. ಏರಿಯ ಮೇಲೆ ಅವನ ಅಮ್ಮ, ಎಂಬತ್ತೊಂದರ ಬಸೀಲಿಯಮ್ಮ, ಕೈಯಲ್ಲೊಂದು ಕೆಂಪು ಪ್ಲಾಸ್ಟಿಕ್ ಚೆಂಬು ಹಿಡಿದು, ಏನೋ ತುರ್ತು ಕೆಲಸವಿದ್ದವಳಂತೆ ನೀರಿನ ಕಡೆ ನಡೆಯುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆ, ಸಮುದ್ರದ ಉಬ್ಬರ ಒಳನುಗ್ಗುವ ಹೊತ್ತು. ಆ ಕೆಸರಿನಲ್ಲಿ ಸೊಂಟದವರೆಗೆ ಹೂತುಹೋದವರನ್ನು ಹಗ್ಗ ಹಾಕಿ ಎಳೆದದ್ದನ್ನು ದೆಲ್ಫಿನ್ ಕಣ್ಣಾರೆ ಕಂಡಿದ್ದ.

"ಹಿಡೀರೋ! ಅಮ್ಮ ನೀರಿಗೆ ಹೋಗ್ತಿದಾಳೆ!" ಎಂದು ಕೂಗಿದ. ಯಾರಿಗೆ ಕೇಳಬೇಕು? ನಮ್ಮೂರಿನ ಶುಭ ಶುಕ್ರವಾರದ ನಾಟಕದಲ್ಲಿ ಕ್ರಿಸ್ತ ಬಾಯಾಡಿಸಿದರೆ ಸಾಕು, ಮಾತೆಲ್ಲ ಶಿಲುಬೆಯ ಪಕ್ಕದಲ್ಲಿ ಕಟ್ಟಿದ ಧ್ವನಿವರ್ಧಕದ್ದು. ನಾಟಕ ಆಡಿಸುವ ಹಿಲಾರಿಯೊ ಮಾಸ್ತರರು ಪಟ್ಟಣದ ರೇಡಿಯೊದವನೊಬ್ಬನ ಗಂಟಲಲ್ಲಿ ಅದನ್ನು ಮುದ್ರಿಸಿ ತಂದಿದ್ದರು. "ತಂದೆಯೇ, ಇವರನ್ನು ಕ್ಷಮಿಸು" ಎಂದು ಆ ಗಂಟಲು ಗುಡುಗುತ್ತಿತ್ತು. ಯಾರನ್ನಾದರೂ ಕ್ಷಮಿಸುವ ಸ್ಥಿತಿಯಲ್ಲಿ ದೆಲ್ಫಿನ್ ಇರಲಿಲ್ಲ. ಹಗ್ಗ ಕಿತ್ತುಬರಲಿ ಎಂದು ಒದ್ದಾಡಿದ.

"ಈ ಸಲ ಎಷ್ಟು ಚೆನ್ನಾಗಿ ಮಾಡ್ತಿದಾನೆ ನೋಡೇ!" ಎಂದಳು ಒಬ್ಬಳು ಕಣ್ಣೊರೆಸಿಕೊಳ್ಳುತ್ತ. "ಹೋದ ವರ್ಷ ಮೇಲೆ ಹತ್ತಿ ತೂಕಡಿಸ್ತಿದ್ದ."

ಅಮ್ಮ ಮಗನ ಹೆಸರು ಮರೆತ ವರ್ಷ ಅವನು ಹರಕೆ ಹೊತ್ತಿದ್ದ. ಅವಳ ನೆನಪು ಮರಳಲೆಂದು ಏಳು ವರ್ಷ ಶಿಲುಬೆ ಏರುತ್ತೇನೆ ಎಂದಿದ್ದ. ಇದು ನಾಲ್ಕನೆಯದು. "ಬಿಗಿಯಾಗಿ ಕಟ್ಟಿ, ಹರಕೆ ಅಂದಮೇಲೆ ನೋಯಬೇಕು" ಎಂದು ಬೆಳಗ್ಗೆ ಹೇಳಿದವನೂ ಅವನೇ. ಈಗ ಕಣ್ಣು ಏರಿಯ ಮೇಲೆಯೇ ನೆಟ್ಟು, "ನೆನಪು ಬೇಡ ಸ್ವಾಮಿ" ಎಂದು ಬೇಡಿದ. "ನನ್ನ ಗುರುತು ಹಿಡಿಯೋದೂ ಬೇಡ. ಅವಳ ಕಾಲೊಂದು ನಿಲ್ಲಿಸು." ಬಸೀಲಿಯಮ್ಮ ಏರಿಯ ಆಚೆ ಬದಿಗೆ ಇಳಿಯತೊಡಗಿದಳು.

"ಅಮ್ಮಾ, ಇಗೋ ನಿನ್ನ ಮಗ," ಎಂದಿತು ಧ್ವನಿವರ್ಧಕ. ಶಿಲುಬೆಯ ಬುಡದಲ್ಲಿ ಮರಿಯಮ್ಮನ ಪಾತ್ರದವಳೂ ಶಿಷ್ಯ ಯೊವಾನ್ನನ ಪಾತ್ರದ ಮೆಲ್ಚೊರನೂ ತಲೆಯೆತ್ತಿದರು. ಇಡೀ ನಾಟಕದಲ್ಲಿ ಮೆಲ್ಚೊರ್ ಅವನ ಮುಖ ನೋಡಬೇಕಾದ ಗಳಿಗೆ ಇದೊಂದೇ. "ಇಗೋ ನಿನ್ನ ತಾಯಿ."

ದೆಲ್ಫಿನ್ ತುಟಿಗಳನ್ನು ಚೂಪು ಮಾಡಿ, ಆದಷ್ಟು ಮುಂದೆ ಚಾಚಿ, ಏರಿಯ ಕಡೆ ತೋರಿಸಿದ. ಅಂಗಡಿ ಎಲ್ಲಿ, ಉಪ್ಪಿನ ಡಬ್ಬ ಎಲ್ಲಿ ಎಂದು ಕೇಳಿದರೆ ನಮ್ಮವರು ಬೆರಳೆತ್ತುವುದಿಲ್ಲ, ತುಟಿಯಲ್ಲೇ ತೋರಿಸುತ್ತಾರೆ. ತಾಲೀಮಿನಲ್ಲಿ ಅವನು ಮಾಸ್ತರರಿಂದ ಬೈಸಿಕೊಂಡದ್ದೂ ಇದಕ್ಕೇ. "ಲೋ ದೆಲ್ಫಿನ್, ಮರಿಯಮ್ಮನ್ನ ಕಣ್ಣಲ್ಲಿ ತೋರ್ಸೋ! ದೇವರ ಮಗ ಹಂಗೆ ತುಟಿ ಚಾಚ್ತಾನಾ?"

ಹಳೇ ಚಾಳಿ ಎಂದು ಮೆಲ್ಚೊರನಿಗೆ ಮೊದಲು ನಗು ಬಂತು. ಆಮೇಲೆ ಆ ತುಟಿ ನಡುಗುತ್ತಿರುವುದು ಕಂಡಿತು. ತಿರುಗಿ ನೋಡಿದವನೇ ನಿಲುವಂಗಿಯನ್ನು ಮೊಳಕಾಲ ಮೇಲಕ್ಕೆ ಎತ್ತಿಕೊಂಡು ಜನರನ್ನು ಸೀಳಿಕೊಂಡು ಓಡಿದ.

"ಎಲ್ಲಿಗೋ ಹೋಗ್ತೀಯ? ಯೊವಾನ್ನ ಓಡಲ್ಲ ಕಣೋ!" ಎಂದು ಕಿರುಚುತ್ತ ಹಿಲಾರಿಯೊ ಮಾಸ್ತರರು ಬೆನ್ನಟ್ಟಿದರು. "ಓಡೋಗಿದ್ದು ಮಿಕ್ಕ ಶಿಷ್ಯರು!"

ಏರಿಯ ಆಚೆಗೆ ಇಳಿದವರು ಯಾರೂ ಕಾಣಲಿಲ್ಲ. ಧ್ವನಿವರ್ಧಕವನ್ನು ನಿಲ್ಲಿಸುವವರೂ ಇರಲಿಲ್ಲ. ಅದರಲ್ಲಿ ಶೋಕದ ಬ್ಯಾಂಡು ಮುಗಿದು, "ನನ್ನ ದೇವರೇ, ಏಕೆ ನನ್ನ ಕೈಬಿಟ್ಟೆ?" ಎಂಬ ಮಾತು ಬಂತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ದೆಲ್ಫಿನ್ ಅದನ್ನು ತನ್ನ ಗಂಟಲಿನಿಂದಲೇ ಹೇಳಿದ. ಮತ್ತೆ ಬ್ಯಾಂಡು. ಅದು ಎಷ್ಟು ಹೊತ್ತು ಬಾರಿಸಿತೋ ಅವನಿಗೆ ತಿಳಿಯಲಿಲ್ಲ.

ಕೊನೆಗೆ ಏರಿಯ ಮೇಲೊಂದು ತಲೆ ಕಂಡಿತು. ಸೊಂಟದವರೆಗೆ ಕೆಸರಾದ ಮೆಲ್ಚೊರ್ ಬಸೀಲಿಯಮ್ಮನನ್ನು ಬೆನ್ನ ಮೇಲೆ ಹೊತ್ತು ತಂದ. ಚೆಂಬನ್ನು ಅವಳು ಬಿಟ್ಟಿರಲಿಲ್ಲ. ಶಿಲುಬೆಯ ಬುಡದಲ್ಲಿ ಇಳಿಸಿದಾಗ ಅದರಲ್ಲಿ ಇನ್ನೂ ಅರ್ಧದಷ್ಟು ಕಂದು ನೀರಿತ್ತು.

"ಚೆಲ್ಲು ಅಜ್ಜಿ ಅಂದ್ರೂ ಕೇಳಲ್ಲ," ಎಂದ ಮೆಲ್ಚೊರ್ ಏದುಸಿರು ಬಿಡುತ್ತ. "ಯಾರೋ ಹುಡುಗನಿಗೆ ಕೊಡ್ಬೇಕಂತೆ."

"ನನಗೆ ದಾಹವಾಗಿದೆ," ಎಂದಿತು ಧ್ವನಿವರ್ಧಕ.

"ಕೇಳಿಸ್ತಾ?" ಎಂದು ಬಸೀಲಿಯಮ್ಮ ಈಟಿ ಹಿಡಿದು ನಿಂತ ಸೈನಿಕನ ಮೇಲೆ ರೇಗಿದಳು. "ಆಗಿಂದ ಬೀಳ್ತಾ ಏಳ್ತಾ ಬಂದಿದೆ ಮಗು, ಒಂದು ತೊಟ್ಟು ನೀರು ಕೊಟ್ಟೋರಿಲ್ಲ. ಇವನ ಹೆತ್ತವಳು ಎಲ್ಲಿ ಹಾಳಾಗಿ ಹೋದ್ಲು?"

ಅವಳು ತಲೆಯೆತ್ತಿ ದೆಲ್ಫಿನನನ್ನೇ ಕೇಳಿದಳು. "ನಿಮ್ಮಮ್ಮ ಎಲ್ಲಪ್ಪಾ?"

ಅವನ ಕೈಗಳು ಇನ್ನೂ ಕಟ್ಟಿಯೇ ಇದ್ದವು. ತುಟಿಗಳನ್ನು ಮುಂದೆ ಮಾಡಿ ಅವಳನ್ನೇ ತೋರಿಸಿದ.

ತನ್ನ ಹಿಂದೆ ಯಾರಿದ್ದಾರೆಂದು ಬಸೀಲಿಯಮ್ಮ ತಿರುಗಿ ನೋಡಿದಳು.