ಸೊಟ್ಟ ಹಕ್ಕಿ

ಇವತ್ತು ಏನೇ ಆಗಲಿ, ಆ ಮಗುವನ್ನು ಎತ್ತಿಕೊಂಡೇ ದೋಣಿಗೆ ಮರಳುವುದೆಂದು ರುನುಮಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ದೋಣಿಯಲ್ಲಿ ಅವಲಕ್ಕಿ, ಬೆಲ್ಲ, ಕುಡಿಯುವ ನೀರಿಗೆ ಹಾಕುವ ಮಾತ್ರೆ. ಬ್ರಹ್ಮಪುತ್ರದ ನೆರೆಯ ಕೆಸರು ನೀರಿನ ನಡುವೆ ಕಂಬಗಳ ಮೇಲೆ ನಿಂತ ಮನೆಗಳು. ಒಂದೊಂದು ಏಣಿಗೂ ದೋಣಿ ತಾಗಿಸಿ, ಯಾರಿಗೆ ಜ್ವರ, ಯಾರಿಗೆ ಭೇದಿ, ಬಸುರಿಯರು ಹೇಗಿದ್ದಾರೆ ಎಂದು ವಿಚಾರಿಸುವುದು ಅವಳ ಕೆಲಸ. ಬೊಗಿತರಾಳ ಮನೆಯನ್ನು ಮಾತ್ರ ದಿನವೂ ಕೊನೆಗಿಟ್ಟುಕೊಳ್ಳುತ್ತಿದ್ದಳು.

"ಇವತ್ತೂ ಬರಿಗೈಲೇ ಇಳಿದು ಬರ್ತೀಯೋ ಹೆಂಗೆ, ಮಾಜನಿ?" ಎಂದ ದೋಣಿಯ ಮುದುಕ ಖಗೇನ್, ಮಗಳನ್ನು ಕರೆಯುವಂತೆ.

"ನೀವು ಹುಟ್ಟು ಹಾಕಿ, ಖುರಾ," ಎಂದಳು ರುನುಮಿ. ಊರಿಗೆಲ್ಲ ಅವನು ಚಿಕ್ಕಪ್ಪ.

ಬೊಗಿತರಾ ಏಣಿಯ ತುದಿಯಲ್ಲೇ ನಿಂತಿದ್ದಳು. ಬೆನ್ನಿಗೆ ಮಗು. ಆ ಊರಿನ ಹೆಂಗಸರು ಕೂಸು ಹೊರುವ ಬಟ್ಟೆಯನ್ನು ಹೆರುವ ಮೊದಲೇ ತಮ್ಮ ಕೈಯಾರೆ ನೇಯ್ದಿಟ್ಟುಕೊಳ್ಳುತ್ತಾರೆ. ಇದು ಕೆಂಪು ಬಟ್ಟೆ, ಅಂಚಿನಲ್ಲಿ ಹಕ್ಕಿಗಳ ಸಾಲು. ಒಂದು ಹಕ್ಕಿ ಮಾತ್ರ ಸೊಟ್ಟ. ರುನುಮಿಯ ಕಣ್ಣು ಮೊದಲು ಹೋಗುತ್ತಿದ್ದುದು ಅದರ ಮೇಲೆ. ಹೊಟ್ಟೆಗೆ ಕಿಚ್ಚು ಬೀಳುತ್ತಿದ್ದುದೂ ಆಗಲೇ.

ತಾನೋ, ಮನೆ ಕೊಚ್ಚಿಹೋಗಿ, ಶಾಲೆಯ ಕೋಣೆಯಲ್ಲಿ ಜ್ವರದವರ ನಡುವೆ ಚಾಪೆ ಹಾಸಿಕೊಂಡವಳು. ಇವಳಿಗೆ ಮುಳುಗದ ಮನೆ, ಆರದ ಒಲೆ, ಬೆನ್ನಿಗಂಟಿದ ಕೂಸು.

ಒಳಗೆ ಮಾಡಿನಿಂದ ತೊಟ್ಟಿಲು ಇಳಿಬಿದ್ದಿತ್ತು, ಖಾಲಿ. ಮಗುವನ್ನು ಅದರಲ್ಲಿ ಮಲಗಿಸಿದ್ದನ್ನು ರುನುಮಿ ಒಂದು ದಿನವೂ ಕಂಡಿರಲಿಲ್ಲ. ಇಳಿಸಿದರೆ ಯಾರಾದರೂ ಕದ್ದಾರು ಎಂಬಂತೆ ಬೊಗಿತರಾ ಹೊತ್ತುಕೊಂಡೇ ತಿರುಗುತ್ತಿದ್ದಳು.

ಅಡಿಕೆ ವೀಳ್ಯದ ತಟ್ಟೆ ಮುಂದಿಟ್ಟು, ಅಕ್ಕನೊಡನೆ ಮಾತಾಡುವಂತೆ, ಅವಳೇ ಹೇಳಿದಳು. "ನಿನ್ನೆ ನಕ್ಕ, ಬಾಯ್ದೇವ್. ನನ್ನ ಮುಖ ನೋಡ್ಕೊಂಡೇ ನಕ್ಕ."

ಆ ಮಾತು ರುನುಮಿಗೆ ಮುಳ್ಳಿನಂತೆ ನಾಟಿತು.

"ಕೊಡು ಇಲ್ಲಿ."

ಬೊಗಿತರಾ ನಿಧಾನವಾಗಿ ಗಂಟು ಬಿಚ್ಚಿ ಕೊಟ್ಟಳು. ಮಗು ಒಂದು ಗಳಿಗೆ ರುನುಮಿಯನ್ನು ದಿಟ್ಟಿಸಿತು. ತುಟಿ ಸೊಟ್ಟ ಮಾಡಿತು. ಎದೆಗೊತ್ತಿಕೊಂಡರೆ ಅಲ್ಲಿ ತಡಕಾಡಿ, ಏನೂ ಸಿಗದೆ, ಕಿರುಚಿ ಅತ್ತು, ಆಚೆಯ ಕೈಗಳತ್ತ ಬಾಗಿತು.

ಬೊಗಿತರಾ ಕೈ ಚಾಚಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ತೊಟ್ಟಿಲನ್ನೇ ನೋಡುತ್ತಿದ್ದಳು.

ಏಣಿಯ ಕೆಳಗೆ ದೋಣಿ ಕಾಯುತ್ತಿತ್ತು. ರುನುಮಿ ಎದ್ದು ನಿಂತಳು. ಬಾಗಿಲತನಕ ಹೋದಳು. ಅಲ್ಲಿಂದ ತಿರುಗಿ ಬಂದು, ಮಗುವನ್ನು ಬೊಗಿತರಾಳ ಬೆನ್ನಿಗೆ ಹಾಕಿ, ಬಟ್ಟೆ ಸುತ್ತಿ, ತಾನೇ ಗಂಟು ಬಿಗಿದಳು. ಅಳು ನಿಂತಿತು.

"ನೀರು ಇಳೀಲಿ," ಎಂದಳು. "ಆಮೇಲೆ ನೋಡಣ."

ಬೊಗಿತರಾಳ ಕೂಸು ತೀರಿಕೊಂಡ ವಾರವೇ ರುನುಮಿಯ ಎದೆಹಾಲು ಬತ್ತಿತ್ತು. ಹಾಲಿಗೆಂದು ಅವಳೇ ಮಗುವನ್ನು ತಂದು ಬೊಗಿತರಾಳ ಮಡಿಲಿಗೆ ಹಾಕಿದ್ದಳು.

ಇಳಿಯುವ ಮೊದಲು ಅವಳು ಆ ಸೊಟ್ಟ ಹಕ್ಕಿಯನ್ನು ಒಮ್ಮೆ ಬೆರಳಿನಿಂದ ಸವರಿದಳು. ಅದನ್ನು ನೇಯುವಾಗ ಹೊಟ್ಟೆಯೊಳಗಿಂದ ಅವನು ಒದ್ದಿದ್ದಕ್ಕೇ ರುನುಮಿಯ ಕೈ ತಪ್ಪಿತ್ತು.